ಹರ್ ಗೋಬಿಂದ್ ಖೊರಾನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಖೊರಾನಾ ಅವರ ಬಗ್ಗೆ ಎಲ್ಲಿ ಮಾತು ಬಂದರೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಶಾಲೆಯ ಮಕ್ಕಳು ಕೇಳುವುದು ಒಂದು ಥರ, ಎಂಎಸ್ಸಿ ಓದುವವರು ಕೇಳುವುದು ಇನ್ನೊಂದು ಥರ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಹುಟ್ಟು, ಓದು, ಮನೆ

ಖೊರಾನಾ ಅಂದ್ರೆ ಯಾರು? ಚಿಕ್ಕದಾಗಿ ಹೇಳಿ.

ಡಿಎನ್‌ಎಯಲ್ಲಿರುವ ಬರಹವನ್ನು ಜೀವಕೋಶ ಹೇಗೆ ಓದಿ ಪ್ರೋಟೀನ್ ಕಟ್ಟುತ್ತದೆ? ಈ ಲಿಪಿಯನ್ನು ಬಿಡಿಸಿದವರಲ್ಲಿ ಖೊರಾನಾ ಒಬ್ಬರು. ಅದಕ್ಕೆ 1968ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರ ಜೊತೆ ಅವರಿಗೆ ವೈದ್ಯಕೀಯ ವಿಭಾಗದ ನೊಬೆಲ್ ಬಂತು. ಎರಡೇ ವರ್ಷದಲ್ಲಿ ಅವರ ತಂಡ ಒಂದು ಇಡೀ ಜೀನನ್ನು, ಅಂದರೆ ಡಿಎನ್‌ಎ ಬರಹದ ಒಂದು ಪೂರ್ತಿ ಸೂಚನೆಯನ್ನು, ಪ್ರಯೋಗಾಲಯದಲ್ಲಿ ಕಟ್ಟಿ ಮುಗಿಸಿತು. ಪ್ರಪಂಚದಲ್ಲಿ ಅದೇ ಮೊದಲು. ನನ್ನ ಮಟ್ಟಿಗೆ ಅವರು ಜೀವದ ಅಣುಗಳನ್ನು ತಾವೇ ಮಾಡಿ, ಮಾಡುತ್ತಾ ಮಾಡುತ್ತಾ ಅರ್ಥ ಮಾಡಿಕೊಂಡ ರಸಾಯನ ವಿಜ್ಞಾನಿ. ಮುಂದಿನ ಉತ್ತರಗಳಲ್ಲಿ ಈ 'ಮಾಡುವುದು' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ಅವರು ಹುಟ್ಟಿದ ರಾಯ್‌ಪುರ ಅಂದ್ರೆ ಛತ್ತೀಸ್‌ಗಢದ ರಾಯ್‌ಪುರ ತಾನೇ?

ಅಲ್ಲ. ಈ ತಪ್ಪು ಬಹಳ ಜನ ಮಾಡುತ್ತಾರೆ. ಅವರ ರಾಯ್‌ಪುರ ಅವಿಭಜಿತ ಪಂಜಾಬಿನ ಮುಲ್ತಾನ್ ಕಡೆಯ ಪುಟ್ಟ ಹಳ್ಳಿ. ಈಗ ಅದು ಪಾಕಿಸ್ತಾನದಲ್ಲಿದೆ. ಆಗ ಅಲ್ಲಿ ಇದ್ದವರು ಸುಮಾರು ನೂರು ಜನ ಅಷ್ಟೇ. ಹುಟ್ಟಿದ ದಿನ 1922ರ ಜನವರಿ 9 ಎಂದು ದಾಖಲೆಯಲ್ಲಿದೆ, ಆದರೆ ಅದು ನಿಜವಾದ ತಾರೀಖು ಎಂದು ಯಾರೂ ಗಟ್ಟಿಯಾಗಿ ಹೇಳಲಾರರು.

ಅಷ್ಟು ಚಿಕ್ಕ ಹಳ್ಳಿಯಿಂದ ಓದಿ ಮೇಲೆ ಬಂದದ್ದು ಹೇಗೆ?

ಅಪ್ಪನಿಂದ. ಗಣಪತ್ ರಾಯ್ ಅವರು ಬ್ರಿಟಿಷ್ ಸರ್ಕಾರದ ಪಟವಾರಿ. ನಮ್ಮಲ್ಲಿ ಹಿಂದೆ ಶಾನುಭೋಗರು ಇದ್ದರಲ್ಲ, ಹೆಚ್ಚು ಕಡಿಮೆ ಅಂಥದೇ ಕೆಲಸ: ಜಮೀನಿನ ಲೆಕ್ಕ, ಕಂದಾಯದ ಲೆಕ್ಕ. ಮನೆಯಲ್ಲಿ ದುಡ್ಡು ಇರಲಿಲ್ಲ. ಐದು ಜನ ಮಕ್ಕಳು, ಗೋಬಿಂದ್ ಎಲ್ಲರಿಗಿಂತ ಚಿಕ್ಕವರು. ಆದರೂ ಅಪ್ಪ ಎಲ್ಲರಿಗೂ ಓದು ಬರಹ ಕಲಿಸಿದರು. ಇಡೀ ಹಳ್ಳಿಯಲ್ಲಿ ಓದು ಬಲ್ಲ ಕುಟುಂಬ ಹೆಚ್ಚು ಕಡಿಮೆ ಇದೊಂದೇ ಆಗಿತ್ತು.

ಆಮೇಲೆ ಮುಲ್ತಾನಿನ ಡಿಎವಿ ಹೈಸ್ಕೂಲು. ಅಲ್ಲಿ ರತನ್ ಲಾಲ್ ಎಂಬ ಮೇಷ್ಟ್ರ ಪ್ರಭಾವ ತಮ್ಮ ಮೇಲೆ ಬಹಳ ಆಯಿತು ಎಂದು ಖೊರಾನಾ ನೆನೆಯುತ್ತಿದ್ದರು. ಅಲ್ಲಿಂದ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ. 1943ರಲ್ಲಿ ಬಿಎಸ್ಸಿ, 1945ರಲ್ಲಿ ಎಂಎಸ್ಸಿ. ಅಲ್ಲಿ ಮಾರ್ಗದರ್ಶಕರಾಗಿದ್ದವರು ಮಹಾನ್ ಸಿಂಗ್, ಪ್ರಯೋಗದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಲೋಕ ತಿಳಿದ ವಿಜ್ಞಾನಿಯೊಬ್ಬರು ತಮ್ಮ ಹೈಸ್ಕೂಲು ಮೇಷ್ಟ್ರನ್ನೂ ಎಂಎಸ್ಸಿ ಗುರುವನ್ನೂ ಹೆಸರು ಹಿಡಿದು ನೆನೆದದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಡಾ. ಖೊರಾನಾ ಅಂತಾರೆ, ವೈದ್ಯಕೀಯ ನೊಬೆಲ್ ಬೇರೆ ಬಂದಿದೆ. ಹಾಗಾದ್ರೆ ಎಂಬಿಬಿಎಸ್ ಓದಿದ್ರಾ?

ಇಲ್ಲ. ಅವರ ಎಲ್ಲ ಪದವಿಗಳೂ ರಸಾಯನ ವಿಜ್ಞಾನದವು. 'ಡಾ.' ಬಂದದ್ದು 1948ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪಿಎಚ್‌ಡಿಯಿಂದ. ಭಾರತ ಸರ್ಕಾರದ ಫೆಲೋಶಿಪ್ ಸಿಕ್ಕಿ 1945ರಲ್ಲಿ ಅಲ್ಲಿಗೆ ಹೋಗಿದ್ದರು. ಇನ್ನು ಆ ನೊಬೆಲ್ ವಿಭಾಗದ ಪೂರ್ತಿ ಹೆಸರು 'ಶರೀರಕ್ರಿಯಾ ವಿಜ್ಞಾನ ಅಥವಾ ವೈದ್ಯಕೀಯ'. ಜೀವ ಹೇಗೆ ನಡೆಯುತ್ತದೆ ಎಂದು ತೋರಿಸಿದವರಿಗೂ ಅದು ಸಿಗುತ್ತದೆ.

ಇಂಥವರು ಭಾರತದಲ್ಲಿ ಯಾಕೆ ಉಳೀಲಿಲ್ಲ? ದುಡ್ಡಿಗಾಗಿ ಹೋದ್ರಾ?

ಈ ಪ್ರಶ್ನೆಯಲ್ಲಿ ಸಿಟ್ಟು ಇರುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ನಡೆದದ್ದು ಬೇರೆ. ಅವರು ವಾಪಸ್ ಬಂದಿದ್ದರು. 1949ರಲ್ಲಿ, ಪಿಎಚ್‌ಡಿ ಮುಗಿಸಿ, ಜ್ಯೂರಿಕ್‌ನಲ್ಲಿ ಇನ್ನಷ್ಟು ಕಲಿತು ಭಾರತಕ್ಕೆ ಬಂದರು. ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ದೇಶ ಎರಡಾಗಿ ಎರಡು ವರ್ಷ ಆಗಿತ್ತು. ಹುಟ್ಟಿದ ಹಳ್ಳಿ, ಓದಿದ ಮುಲ್ತಾನ್, ಲಾಹೋರ್ ಎಲ್ಲವೂ ಗಡಿಯ ಆಚೆ ಉಳಿದಿದ್ದವು. ಅವರು ಬಿಟ್ಟುಹೋದ ಮನೆ ಈಗ ಅವರ ದೇಶದಲ್ಲೇ ಇರಲಿಲ್ಲ.

ಆಗ ಕೇಂಬ್ರಿಡ್ಜ್‌ನಲ್ಲಿ ಅವಕಾಶ ಸಿಕ್ಕಿತು, ಮತ್ತೆ ಇಂಗ್ಲೆಂಡಿಗೆ ಹೊರಟರು. ದುಡ್ಡಿನ ವಿಷಯ ಹೇಳುವುದಾದರೆ, ಜ್ಯೂರಿಕ್‌ನಲ್ಲಿದ್ದಷ್ಟು ಕಾಲ ಅವರಿಗೆ ಸಂಬಳವೇ ಇರಲಿಲ್ಲ, ಕೈಯಲ್ಲಿದ್ದ ಉಳಿತಾಯದಲ್ಲಿ ದಿನ ತಳ್ಳಿದರು. ಇಂಥವರನ್ನು ದುಡ್ಡಿಗಾಗಿ ಹೋದವರು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದ್ರೆ ಅವರನ್ನ ಭಾರತೀಯ ಅನ್ಬೇಕಾ, ಅಮೆರಿಕನ್ ಅನ್ಬೇಕಾ?

ಅವರು 1966ರಲ್ಲಿ ಅಮೆರಿಕದ ಪ್ರಜೆ ಆದರು. ಅಂದರೆ ನೊಬೆಲ್ ಬಂದಾಗ ಕಾಗದದ ಮೇಲೆ ಅಮೆರಿಕನ್. 1969ರಲ್ಲಿ ಭಾರತ ಅವರಿಗೆ ಪದ್ಮವಿಭೂಷಣ ಕೊಟ್ಟಿತು. 1987ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ವಿಜ್ಞಾನ ಪದಕ ಕೊಟ್ಟಿತು. ಭಾರತದಲ್ಲಿ ಹುಟ್ಟಿದ ಅಮೆರಿಕನ್ ವಿಜ್ಞಾನಿ ಅಂದರೆ ಲೆಕ್ಕ ಸರಿಹೋಗುತ್ತದೆ.

ಅವರ ಹೆಂಡತಿ ಮಕ್ಕಳ ಬಗ್ಗೆ ಹೇಳಿ.

ಹೆಂಡತಿ ಎಸ್ತರ್ ಎಲಿಜಬೆತ್ ಸಿಬ್ಲರ್, ಸ್ವಿಟ್ಜರ್ಲೆಂಡಿನವರು. ಮದುವೆ ಆದದ್ದು 1952ರಲ್ಲಿ. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಎಷ್ಟೋ ವರ್ಷ ಊರು ಬಿಟ್ಟಿದ್ದ ಖೊರಾನಾಗೆ ಎಲ್ಲಿ ಹೋದರೂ ತಾನು ಹೊರಗಿನವನು, ಯಾವುದೂ ತನ್ನ ಮನೆಯಲ್ಲ ಅನ್ನಿಸುತ್ತಿತ್ತು. ಆ ಹೊತ್ತಿನಲ್ಲಿ ಎಸ್ತರ್ ಬದುಕಿಗೆ ಒಂದು ಗುರಿ ತಂದುಕೊಟ್ಟರು ಎಂದು ನೊಬೆಲ್‌ಗಾಗಿ ಬರೆದ ಅವರ ಜೀವನಚರಿತ್ರೆಯಲ್ಲೇ ಇದೆ. ವಿಜ್ಞಾನಿಗಳ ಜೀವನಚರಿತ್ರೆಯಲ್ಲಿ ಇಂಥ ಮಾತು ಅಪರೂಪ.

## ಕೆಲಸದ ದಾರಿ

ಅಷ್ಟೊಂದು ಊರು ಯಾಕೆ ಬದಲಾಯಿಸಿದ್ರು? ಒಂದು ಕಡೆ ನಿಲ್ಲಲೇ ಇಲ್ವಲ್ಲ!

ಲಿವರ್‌ಪೂಲ್, ಜ್ಯೂರಿಕ್, ಕೇಂಬ್ರಿಡ್ಜ್, ವ್ಯಾಂಕೂವರ್, ಮ್ಯಾಡಿಸನ್, ಕೊನೆಗೆ ಬಾಸ್ಟನ್ ಪಕ್ಕದ ಎಂಐಟಿ. ಪಟ್ಟಿ ನೋಡಿದರೆ ಸುಮ್ನೆ ಅಲೆದ ಹಾಗೆ ಕಾಣುತ್ತದೆ. ಆದರೆ ಒಂದೊಂದು ಊರಿನಿಂದ ಒಂದೊಂದು ವಿದ್ಯೆ ಕಟ್ಟಿಕೊಂಡು ಹೊರಟಿದ್ದಾರೆ.

ಜ್ಯೂರಿಕ್‌ಗೆ ಹೋದದ್ದು 1948ರಲ್ಲಿ, ವ್ಲಾಡಿಮಿರ್ ಪ್ರೆಲಾಗ್ ಅವರ ಬಳಿಗೆ. ಆ ಕಾಲದಲ್ಲಿ ರಸಾಯನ ವಿಜ್ಞಾನದ ಒಳ್ಳೆಯ ಬರಹಗಳಲ್ಲಿ ಬಹಳಷ್ಟು ಜರ್ಮನ್ ಭಾಷೆಯಲ್ಲಿದ್ದವು. ಅವನ್ನು ಓದುತ್ತಾ ಕಾರ್ಬೋಡೈಇಮೈಡ್ ಎಂಬ ಜಾತಿಯ ರಾಸಾಯನಿಕಗಳು ಅವರ ಕಣ್ಣಿಗೆ ಬಿದ್ದವು. ಇಂಗ್ಲಿಷ್ ಓದುವ ವಿಜ್ಞಾನಿಗಳು ಅವನ್ನು ಹೆಚ್ಚು ಕಡಿಮೆ ಮರೆತೇಬಿಟ್ಟಿದ್ದರು. ಎರಡು ಅಣುಗಳ ನಡುವಿನ ನೀರನ್ನು ಎಳೆದುಕೊಂಡು ಅವನ್ನು ಬೆಸೆಯುವುದು ಇವುಗಳ ಗುಣ. ಮುಂದೆ ಖೊರಾನಾ ಮಾಡಿದ ದೊಡ್ಡ ಕೆಲಸಗಳೆಲ್ಲ ಶುರುವಾದದ್ದು ಈ ಬೆಸುಗೆಯಿಂದ.

ಕೇಂಬ್ರಿಡ್ಜ್‌ನಲ್ಲಿ 1950ರಿಂದ 1952ರವರೆಗೆ ಕೆನ್ನರ್ ಮತ್ತು ಅಲೆಕ್ಸಾಂಡರ್ ಟಾಡ್ ಅವರ ಜೊತೆ ಇದ್ದರು. ಟಾಡ್ ನ್ಯೂಕ್ಲಿಯೊಟೈಡ್‌ಗಳ, ಅಂದರೆ ಡಿಎನ್‌ಎಯ ಒಂದೊಂದು ಅಕ್ಷರವಾಗುವ ಅಣುಗಳ, ರಸಾಯನದ ದೊಡ್ಡ ಹೆಸರು, 1957ರಲ್ಲಿ ಅದಕ್ಕೇ ನೊಬೆಲ್ ಪಡೆದವರು. ಪ್ರೋಟೀನ್ ಮತ್ತು ನ್ಯೂಕ್ಲಿಯಿಕ್ ಆಮ್ಲಗಳ (ಡಿಎನ್‌ಎ, ಆರ್‌ಎನ್‌ಎ) ಹುಚ್ಚು ಖೊರಾನಾಗೆ ಹತ್ತಿದ್ದು ಇಲ್ಲೇ. ಜ್ಯೂರಿಕ್‌ನಲ್ಲಿ ಬೆಸೆಯುವ ವಿದ್ಯೆ ಕೈಗೆ ಬಂದಿತ್ತು. ಏನನ್ನು ಬೆಸೆಯಬೇಕು ಅನ್ನುವುದು ಕೇಂಬ್ರಿಡ್ಜ್‌ನಲ್ಲಿ ಗೊತ್ತಾಯಿತು.

ಆಮೇಲೆ ಅಷ್ಟೊಂದು ಓಡಾಟ ಇಲ್ಲ. ವ್ಯಾಂಕೂವರ್‌ನಲ್ಲಿ ಎಂಟು ವರ್ಷ, ಮ್ಯಾಡಿಸನ್‌ನಲ್ಲಿ ಹತ್ತು ವರ್ಷ, 1970ರಿಂದ ಕೊನೆಯವರೆಗೆ ಎಂಐಟಿ. 2007ರಲ್ಲಿ ಅಲ್ಲಿಂದ ನಿವೃತ್ತರಾದರು. 2011ರ ನವೆಂಬರ್ 9ರಂದು ಮ್ಯಾಸಚೂಸೆಟ್ಸ್‌ನ ಕಾನ್ಕರ್ಡ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 89 ವರ್ಷ.

ಕೆನಡಾದ ಮೂಲೆಯಲ್ಲಿ ಕೂತು ಹೆಸರು ಮಾಡಿದ್ದು ಹೇಗೆ?

1952ರಲ್ಲಿ ಗಾರ್ಡನ್ ಶ್ರಮ್ ಅವರು ಖೊರಾನಾರನ್ನು ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ಸಂಶೋಧನಾ ಮಂಡಳಿಗೆ ಕರೆದರು. ಅಲ್ಲಿ ಉಪಕರಣ ಕಡಿಮೆ, ಸ್ವಾತಂತ್ರ್ಯ ಬೇಕಾದಷ್ಟು. ಮೂವತ್ತು ವರ್ಷದ ಖೊರಾನಾಗೆ ಅದು ಮೊದಲ ಸ್ವಂತ ಪ್ರಯೋಗಾಲಯ.

ಅಲ್ಲಿ ಜೀವಕೋಶದ ಮುಖ್ಯ ಅಣುಗಳನ್ನು ಒಂದೊಂದಾಗಿ ಮಾಡತೊಡಗಿದರು. ಜೀವಕೋಶದಲ್ಲಿ ಶಕ್ತಿ ಸಾಗಿಸುವ ಎಟಿಪಿ ಮಾಡಿದರು. 1959ರಲ್ಲಿ ಜಾನ್ ಮೊಫಾಟ್ ಜೊತೆ ಸೇರಿ ಕೋಎನ್‌ಜೈಮ್ ಎ ಮಾಡಿದರು. ನಾವು ತಿಂದ ಅನ್ನದಿಂದ ಶಕ್ತಿ ಬರುವ ದಾರಿಯಲ್ಲಿ ಈ ಅಣು ಇಲ್ಲದೆ ಆಗುವುದಿಲ್ಲ. ಅಲ್ಲಿಯವರೆಗೆ ಅದನ್ನು ಯೀಸ್ಟ್‌ನಿಂದ ಚೂರುಚೂರೇ ಹಿಂಡಿ ತೆಗೆಯಬೇಕಿತ್ತು, ಬೆಲೆಯೂ ವಿಪರೀತ. ಮಾಡುವ ದಾರಿ ಸಿಕ್ಕ ಮೇಲೆ ಜೀವರಸಾಯನ ಜಗತ್ತು ವ್ಯಾಂಕೂವರ್ ಕಡೆ ತಿರುಗಿತು. ಆರ್ಥರ್ ಕಾರ್ನ್‌ಬರ್ಗ್, ಪಾಲ್ ಬರ್ಗ್ ಅವರಂಥವರು ಈ ವಿದ್ಯೆ ಕಲಿಯಲು ಅಲ್ಲಿಗೇ ಬಂದರು. 1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಿಣ್ವ ಸಂಶೋಧನಾ ಸಂಸ್ಥೆ ಅವರನ್ನು ಮ್ಯಾಡಿಸನ್‌ಗೆ ಕರೆಸಿಕೊಂಡಿತು.

ನನ್ನ ಮಗಳಿಗೆ ಮಾಲಿಕ್ಯುಲರ್ ಬಯಾಲಜಿ ಓದಬೇಕಂತೆ. ಖೊರಾನಾ ಥರ ಆಗಬೇಕಾದ್ರೆ ಯಾವ ಸಬ್ಜೆಕ್ಟ್ ತಗೋಬೇಕು?

ಒಬ್ಬರ ದಾರಿಯನ್ನು ಇನ್ನೊಬ್ಬರು ಹಾಗೇ ನಡೆಯಲು ಆಗುವುದಿಲ್ಲ. ಆದರೂ ಅವರ ಬದುಕಿನಲ್ಲಿ ಕಣ್ಣಿಗೆ ಬೀಳುವ ಎರಡು ಸಂಗತಿ ಹೇಳುತ್ತೇನೆ. ಒಂದು, ರಸಾಯನ ವಿಜ್ಞಾನ ಬಿಡಬೇಡಿ ಎಂದು ಹೇಳಿ. ಖೊರಾನಾ ಜೀವವಿಜ್ಞಾನಕ್ಕೆ ಬಂದದ್ದು ರಸಾಯನದ ಬಾಗಿಲಿನಿಂದ. ಎಲ್ಲರಿಗೂ ಬೇಕಾಗಿದ್ದ, ಯಾರಿಗೂ ಮಾಡಲು ಬಾರದ ಅಣುಗಳನ್ನು ಮಾಡುವ ಕೈ ಅವರದಾಗಿತ್ತು.

ಎರಡನೆಯದು ತಾಳ್ಮೆ. 1948ರಲ್ಲಿ ಪಿಎಚ್‌ಡಿ ಮುಗಿದ ಮೇಲೆ ನಾಲ್ಕು ವರ್ಷ ಅವರಿಗೆ ಗಟ್ಟಿ ನೆಲೆ ಇರಲಿಲ್ಲ. ದೊಡ್ಡ ಹೆಸರು ತಂದ ಮೊದಲ ಕೆಲಸಕ್ಕೆ ಹನ್ನೊಂದು ವರ್ಷ ಹಿಡಿಯಿತು. ಈಗ ಪಿಎಚ್‌ಡಿ ಮುಗಿಸಿ ಒಂದೆರಡು ವರ್ಷದಲ್ಲಿ ಕೆಲಸ ಸಿಗಲಿಲ್ಲ ಎಂದು ಕುಗ್ಗಿಹೋಗುವ ಮಕ್ಕಳನ್ನು ನೋಡಿದಾಗ ನನಗೆ ಈ ನಾಲ್ಕು ವರ್ಷ ನೆನಪಾಗುತ್ತದೆ. ಖೊರಾನಾ ಅವರ ಹೆಸರಿನಲ್ಲಿ ಒಂದು ಕಾರ್ಯಕ್ರಮವೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಭಾರತ-ಅಮೆರಿಕ ವಿಜ್ಞಾನ ತಂತ್ರಜ್ಞಾನ ವೇದಿಕೆ ಸೇರಿ 2007ರಲ್ಲಿ ಶುರು ಮಾಡಿದ ವಿದ್ಯಾರ್ಥಿ ವಿನಿಮಯ ಅದು.

## ಲಿಪಿ ಬಿಡಿಸಿದ ಕಥೆ

ಡಿಎನ್‌ಎ ಕಂಡುಹಿಡಿದವರು ಇವರೇ ಅಲ್ವಾ?

ಅಲ್ಲ. ಡಿಎನ್‌ಎಯ ಎರಡೆಳೆ ಸುರುಳಿಯ ಆಕಾರವನ್ನು 1953ರಲ್ಲಿ ಹೇಳಿದವರು ವಾಟ್ಸನ್ ಮತ್ತು ಕ್ರಿಕ್. ಅದಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಎಕ್ಸ್‌ರೇ ಕೆಲಸ ಆಧಾರ. ಬರಹ ಎಲ್ಲಿದೆ ಎಂದು ಅವರಿಂದ ತಿಳಿಯಿತು. ಅದನ್ನು ಓದುವುದು ಹೇಗೆ ಎಂಬ ಪ್ರಶ್ನೆ ಉಳಿದೇ ಇತ್ತು.

ಜೆನೆಟಿಕ್ ಕೋಡ್ ಅಂತಾರಲ್ಲ, ಅದೇನು? ನನಗೆ ಸೈನ್ಸ್ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಡಿಎನ್‌ಎಯಲ್ಲಿರುವುದು ನಾಲ್ಕೇ ಅಕ್ಷರ. ಅದರ ನಕಲು ಆರ್‌ಎನ್‌ಎ, ಅದರಲ್ಲೂ ನಾಲ್ಕು: ಎ, ಸಿ, ಜಿ, ಯು. ಪ್ರೋಟೀನ್‌ಗಳು ಮಾತ್ರ 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ನಾಲ್ಕು ಅಕ್ಷರದಿಂದ 20 ಮಣಿಗಳನ್ನು ಹೆಸರಿಸುವುದು ಹೇಗೆ?

ಎರಡೆರಡು ಅಕ್ಷರ ಸೇರಿಸಿದರೆ 16 ಪದ ಆಗುತ್ತವೆ, ಸಾಲದು. ಮೂರು ಮೂರು ಸೇರಿಸಿದರೆ 64, ಬೇಕಾದ್ದಕ್ಕಿಂತ ಜಾಸ್ತಿ. ಪದ ಮೂರಕ್ಷರದ್ದು ಎಂಬುದಕ್ಕೆ ಕ್ರಿಕ್, ಬ್ರೆನ್ನರ್ ಮತ್ತು ಜೊತೆಗಾರರು 1961ರಲ್ಲಿ ವೈರಸ್‌ಗಳ ಮೇಲಿನ ಪ್ರಯೋಗದಿಂದ ಬಲವಾದ ಸಾಕ್ಷಿ ಕೊಟ್ಟರು. ಈ ಮೂರಕ್ಷರದ ಪದಕ್ಕೆ ಕೋಡಾನ್ ಎಂದು ಹೆಸರು. ಈ 64 ಕೋಡಾನ್‌ಗಳಲ್ಲಿ ಯಾವುದು ಯಾವ ಅಮೈನೋ ಆಮ್ಲವನ್ನು ಕರೆಯುತ್ತದೆ ಅನ್ನುವ ನಿಘಂಟೇ ಜೆನೆಟಿಕ್ ಕೋಡ್.

ಕೋಡ್ ಬಿಡಿಸಿದ್ದು ನಿರೆನ್‌ಬರ್ಗ್ ಅಂತ ಓದಿದ್ದೆ. ಮತ್ತೆ ಖೊರಾನಾ ಮಾಡಿದ್ದೇನು?

ಇದು ನನಗೆ ಅತಿ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಬರೀ 'ಯು' ಅಕ್ಷರ ಇರುವ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾದ ರಸಕ್ಕೆ ಹಾಕಿದರು. ಫಿನೈಲ್‌ಅಲನೈನ್ ಎಂಬ ಒಂದೇ ಅಮೈನೋ ಆಮ್ಲದ ಸರ ಬಂತು. ನಿಘಂಟಿನ ಮೊದಲ ಪದ ಸಿಕ್ಕಿತು. ಅದು ನಿಜಕ್ಕೂ ದೊಡ್ಡ ಬಾಗಿಲು. ಆದರೆ ಒಂದೇ ಅಕ್ಷರದ ಸಾಲಿನಿಂದ ಮುಂದೆ ಹೋಗುವುದು ಕಷ್ಟ. ಎರಡು ಮೂರು ಅಕ್ಷರ ಬೆರೆಸಿ ಕಿಣ್ವದಿಂದ ಆರ್‌ಎನ್‌ಎ ಮಾಡಿಸಿದರೆ ಅವು ಎಲ್ಲೆಂದರಲ್ಲಿ ಕೂರುತ್ತವೆ. ಯಾವ ಪದಕ್ಕೆ ಯಾವ ಅರ್ಥ ಎಂದು ಹೇಳಲು ಆಗುವುದಿಲ್ಲ.

ಖೊರಾನಾ ಕೇಳಿದ್ದು ಹೀಗೆ: ನಮಗೆ ಬೇಕಾದ ಕ್ರಮದಲ್ಲೇ ಅಕ್ಷರ ಕೂರಿಸಿದರೆ? ಅದು ಅವರಿಗಷ್ಟೇ ಬರುತ್ತಿದ್ದ ವಿದ್ಯೆ. ಮೊದಲು ಚಿಕ್ಕ ಡಿಎನ್‌ಎ ತುಂಡುಗಳನ್ನು ರಾಸಾಯನಿಕವಾಗಿ, ಅಕ್ಷರಕ್ಕೆ ಅಕ್ಷರ ಸೇರಿಸಿ ಮಾಡಿದರು. ಕಾರ್ನ್‌ಬರ್ಗ್ ಕಂಡುಹಿಡಿದ ಡಿಎನ್‌ಎ ಪಾಲಿಮರೇಸ್ ಕಿಣ್ವದಿಂದ ಅವನ್ನು ಉದ್ದ ಮಾಡಿದರು. ಇನ್ನೊಂದು ಕಿಣ್ವದಿಂದ ಅದರ ಆರ್‌ಎನ್‌ಎ ನಕಲು ತೆಗೆದರು. ಆ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾದ ರಸಕ್ಕೆ ಹಾಕಿ ಯಾವ ಸರ ಬರುತ್ತದೆ ಎಂದು ನೋಡಿದರು.

ತರ್ಕ ಹೇಗೆ ಎಂದು ನಮ್ಮ ಅಕ್ಷರಗಳಲ್ಲೇ ನೋಡೋಣ. 'ಕರಕರಕರಕರ' ಎಂದು ಬರೆದು ಮೂರು ಮೂರು ಅಕ್ಷರ ಓದಿ: ಕರಕ, ರಕರ, ಕರಕ, ರಕರ. ಎರಡೇ ಪದ, ಒಂದಾದ ಮೇಲೆ ಒಂದು. ಖೊರಾನಾ ಎ ಮತ್ತು ಸಿ ಅಕ್ಷರಗಳನ್ನು ಹೀಗೇ ಒಂದು ಬಿಟ್ಟು ಒಂದು ಕೂರಿಸಿದರು. ಅಲ್ಲಿರುವ ಪದಗಳು ಎ-ಸಿ-ಎ ಮತ್ತು ಸಿ-ಎ-ಸಿ. ಬಂದ ಸರದಲ್ಲಿ ಥ್ರಿಯೋನಿನ್, ಹಿಸ್ಟಿಡಿನ್, ಮತ್ತೆ ಥ್ರಿಯೋನಿನ್, ಹಿಸ್ಟಿಡಿನ್. ಪದ ಬೆಸಸಂಖ್ಯೆಯದು ಎಂದು ಇದರಿಂದಲೇ ಗಟ್ಟಿಯಾಯಿತು. ಎರಡಕ್ಷರದ ಪದ ಆಗಿದ್ದರೆ ಒಂದೇ ಮಣಿಯ ಸರ ಬರಬೇಕಿತ್ತು.

ಆದರೆ ಎರಡರಲ್ಲಿ ಯಾವುದು ಯಾವುದಕ್ಕೆ? ಅದಕ್ಕೆ ಇನ್ನೊಂದು ಸಾಲು ಬೇಕು. 'ಕಮಲಕಮಲಕಮಲ' ಎಂದು ಬರೆದು ಬೇರೆ ಬೇರೆ ಅಕ್ಷರದಿಂದ ಓದಲು ಶುರು ಮಾಡಿ. ಒಮ್ಮೆ ಬರೀ 'ಕಮಲ', ಒಮ್ಮೆ ಬರೀ 'ಮಲಕ', ಒಮ್ಮೆ ಬರೀ 'ಲಕಮ'. ಎ-ಎ-ಸಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುವ ಸಾಲಿನಲ್ಲಿ ಹೀಗೆ ಸಿಗುವ ಪದಗಳು ಎ-ಎ-ಸಿ, ಎ-ಸಿ-ಎ, ಸಿ-ಎ-ಎ. ಇದರಿಂದ ಬಂದವು ಮೂರು ಬೇರೆ ಬೇರೆ ಸರ: ಆಸ್ಪರಜಿನ್‌ನದು, ಥ್ರಿಯೋನಿನ್‌ನದು, ಗ್ಲುಟಮಿನ್‌ನದು. ಎರಡೂ ಪ್ರಯೋಗದಲ್ಲಿ ಇರುವ ಪದ ಎ-ಸಿ-ಎ ಒಂದೇ, ಎರಡರಲ್ಲೂ ಬಂದ ಮಣಿ ಥ್ರಿಯೋನಿನ್ ಒಂದೇ. ಹಾಗಾಗಿ ಎ-ಸಿ-ಎ ಅಂದರೆ ಥ್ರಿಯೋನಿನ್, ಉಳಿದ ಸಿ-ಎ-ಸಿ ಹಿಸ್ಟಿಡಿನ್. ಎಷ್ಟು ಚೆಂದ ಅಲ್ವಾ? ಮೊದಲ ಸಲ ಇದನ್ನು ಕಾಗದದ ಮೇಲೆ ಬಿಡಿಸಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಇತ್ತ ನಿರೆನ್‌ಬರ್ಗ್ ಮತ್ತು ಫಿಲಿಪ್ ಲೆಡರ್ 1964ರಲ್ಲಿ ಮೂರಕ್ಷರದ ಚಿಕ್ಕ ಆರ್‌ಎನ್‌ಎ ತುಂಡು ಯಾವ ಅಮೈನೋ ಆಮ್ಲವನ್ನು ರೈಬೋಸೋಮಿಗೆ (ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಜಾಗಕ್ಕೆ) ತರುತ್ತದೆ ಎಂದು ನೋಡುವ ಇನ್ನೊಂದು ಉಪಾಯ ಮಾಡಿದ್ದರು. ಖೊರಾನಾ ಪ್ರಯೋಗಾಲಯ 64 ಮೂರಕ್ಷರಗಳನ್ನೂ ಮಾಡಿ ಆ ದಾರಿಯಿಂದಲೂ ಪರೀಕ್ಷಿಸಿತು. ಎರಡು ದಾರಿಯ ಉತ್ತರ ಹೊಂದಿಕೊಂಡವು. 1966ರ ಹೊತ್ತಿಗೆ ನಿಘಂಟು ಹೆಚ್ಚು ಕಡಿಮೆ ಪೂರ್ತಿಯಾಯಿತು.

ಸ್ಟಾಪ್ ಕೋಡಾನ್ ಇವೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?

ಸರ ಬೆಳೆಯದೆ ಹೋದಾಗ. ನಾಲ್ಕಕ್ಷರ ಮತ್ತೆ ಮತ್ತೆ ಬರುವ ಸಾಲುಗಳನ್ನು ಅವರು ಮಾಡಿದರು. ಯು-ಎ-ಯು-ಸಿ ಸಾಲಿನಿಂದ ನಾಲ್ಕು ಅಮೈನೋ ಆಮ್ಲ ಕ್ರಮವಾಗಿ ಬರುವ ಉದ್ದನೆಯ ಸರ ಸಿಕ್ಕಿತು. ಜಿ-ಎ-ಯು-ಎ ಸಾಲಿನಿಂದ ಮಾತ್ರ ಉದ್ದನೆಯ ಸರ ಬರಲೇ ಇಲ್ಲ. ಮೂರು ಮೂರಾಗಿ ಓದಿ ನೋಡಿ: ಜಿ-ಎ-ಯು, ಎ-ಜಿ-ಎ, ಯು-ಎ-ಜಿ. ಎಲ್ಲಿಂದ ಶುರು ಮಾಡಿದರೂ ನಾಲ್ಕು ಪದದೊಳಗೆ ಯು-ಎ-ಜಿ ಎದುರಾಗುತ್ತದೆ. ಅದು ಪೂರ್ಣವಿರಾಮ. ಇಂಥವು ಒಟ್ಟು ಮೂರು, ಉಳಿದ 61 ಪದಗಳು ಅಮೈನೋ ಆಮ್ಲಗಳಿಗೆ. ಯು-ಎ-ಜಿ ವಿರಾಮಚಿಹ್ನೆ ಎಂದು ಜೆನೆಟಿಕ್ಸ್‌ನವರು ಬೇರೆ ದಾರಿಯಲ್ಲಿ ಆಗಲೇ ತೋರಿಸಿದ್ದರು. ಖೊರಾನಾ ಅವರ ಪ್ರಯೋಗ ಅದನ್ನು ಪರೀಕ್ಷಾನಳಿಗೆಯಲ್ಲೇ ಕಾಣಿಸಿತು.

ನೊಬೆಲ್ ಹಂಚಿಕೊಂಡ ಮೂರನೇ ವ್ಯಕ್ತಿ ಹಾಲಿ ಏನು ಮಾಡಿದ್ರು?

ರಾಬರ್ಟ್ ಹಾಲಿ ಕಾರ್ನೆಲ್‌ನಲ್ಲಿದ್ದರು. ಕೋಡಾನ್ ಓದಿ ಸರಿಯಾದ ಅಮೈನೋ ಆಮ್ಲವನ್ನು ಹೊತ್ತು ತರುವ ಚಿಕ್ಕ ಆರ್‌ಎನ್‌ಎಗೆ ಟಿಆರ್‌ಎನ್‌ಎ ಎಂದು ಹೆಸರು. ಯೀಸ್ಟ್‌ನಲ್ಲಿ ಅಲನೈನ್ ಹೊರುವ ಟಿಆರ್‌ಎನ್‌ಎಯ 77 ಅಕ್ಷರಗಳ ಪೂರ್ತಿ ಕ್ರಮವನ್ನು ಹಾಲಿ 1965ರಲ್ಲಿ ಪ್ರಕಟಿಸಿದರು. ಖೊರಾನಾ ಅವರ ಮುಂದಿನ ಕೆಲಸ ಈ 77 ಅಕ್ಷರಗಳ ಮೇಲೇ ನಿಂತಿದೆ.

## ಜೀನ್ ಕಟ್ಟಿದ್ದು, ಆಮೇಲಿನದು

ಮೊದಲ ಕೃತಕ ಜೀನ್ 1970ರದ್ದಾ, 1976ರದ್ದಾ? ಎರಡೂ ಕಡೆ ಓದಿದ್ದೀನಿ.

ಎರಡೂ ಸರಿ, ಆದರೆ ಅವು ಬೇರೆ ಬೇರೆ ಜೀನ್‌ಗಳು.

ಆ ಕಾಲದಲ್ಲಿ ಡಿಎನ್‌ಎಯ ಅಕ್ಷರ ಓದುವ ಸುಲಭ ವಿಧಾನವೇ ಇರಲಿಲ್ಲ. ಸ್ಯಾಂಗರ್ ಅವರದು, ಮ್ಯಾಕ್ಸಮ್ ಮತ್ತು ಗಿಲ್ಬರ್ಟ್ ಅವರದು ಎರಡೂ ಬಂದದ್ದು 1977ರಲ್ಲಿ. ಹಾಗಾದರೆ ಯಾವ ಜೀನ್ ಕಟ್ಟಬೇಕು? ಹಾಲಿ ಅವರ ಟಿಆರ್‌ಎನ್‌ಎಯ ಕ್ರಮ ಗೊತ್ತಿತ್ತು. ಅದನ್ನು ಹಿಂದಕ್ಕೆ ಓದಿದರೆ ಅದರ ಜೀನ್ ಹೇಗಿರಬೇಕು ಎಂದು ತಿಳಿಯುತ್ತದೆ. ಖೊರಾನಾ ತಂಡ ಚಿಕ್ಕ ಚಿಕ್ಕ ತುಂಡುಗಳನ್ನು ಮಾಡಿತು. ಒಂದು ಎಳೆಯ ತುಂಡು ಇನ್ನೊಂದು ಎಳೆಯ ಎರಡು ತುಂಡುಗಳ ಮೇಲೆ ಇಟ್ಟಿಗೆ ಗೋಡೆಯ ಹಾಗೆ ಸಂದು ತಪ್ಪಿಸಿ ಕೂರುವಂತೆ ನೋಡಿಕೊಂಡಿತು. ಲೈಗೇಸ್ ಎಂಬ ಕಿಣ್ವದಿಂದ ಸಂದುಗಳನ್ನು ಮುಚ್ಚಿತು. 1970ರಲ್ಲಿ 77 ಜೋಡಿ ಅಕ್ಷರಗಳ ಜೀನ್ ಸಿದ್ಧವಾಯಿತು.

ಆದರೆ ಅದು ಜೀವಕೋಶದಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡುವ ದಾರಿ ಇರಲಿಲ್ಲ. ಓದು ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂದು ಹೇಳುವ ಭಾಗಗಳೇ ಅದರಲ್ಲಿ ಇರಲಿಲ್ಲ. ಅದಕ್ಕೆ ಅವರು ಇನ್ನೊಂದನ್ನು ಕೈಗೆತ್ತಿಕೊಂಡರು: ಇ. ಕೋಲಿ ಬ್ಯಾಕ್ಟೀರಿಯಾದ ಟೈರೋಸಿನ್ ಸಪ್ರೆಸರ್ ಟಿಆರ್‌ಎನ್‌ಎ ಜೀನ್. ಮುಂದಿನ, ಹಿಂದಿನ ಭಾಗಗಳೂ ಸೇರಿ 207 ಜೋಡಿ ಅಕ್ಷರ. ಈ ಟಿಆರ್‌ಎನ್‌ಎ ಯು-ಎ-ಜಿ ಎಂಬ ಪೂರ್ಣವಿರಾಮವನ್ನು ಟೈರೋಸಿನ್ ಎಂದು ಓದಿಬಿಡುತ್ತದೆ. ತಪ್ಪು ಜಾಗದಲ್ಲಿ ಪೂರ್ಣವಿರಾಮ ಬಿದ್ದು ಬೆಳೆಯಲಾರದ ವೈರಸ್ ಇದರ ಸಹಾಯದಿಂದ ಬೆಳೆಯಬೇಕು. ಬೆಳೆಯಿತು. 1976ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮನುಷ್ಯ ಕಟ್ಟಿದ ಜೀನ್ ಜೀವಕೋಶದೊಳಗೆ ಕೆಲಸ ಮಾಡಿತ್ತು. ನನ್ನನ್ನು ಕೇಳಿದರೆ ನೊಬೆಲ್ ತಂದ ಕೆಲಸಕ್ಕಿಂತ ಇದು ಒಂದು ತೂಕ ಹೆಚ್ಚು.

ಪಿಸಿಆರ್ ಐಡಿಯಾ ಮೊದಲು ಬಂದದ್ದು ಖೊರಾನಾ ಲ್ಯಾಬ್‌ನಲ್ಲಿ ಅಂತಾರೆ, ನಿಜಾನಾ?

ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಂಡನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ವಿಧಾನ. ಬೀಜ ಅಲ್ಲಿತ್ತು, ಮರ ಬೇರೆಯವರದು. ಖೊರಾನಾ ಜೊತೆ ಕೆಲಸ ಮಾಡಿದ ನಾರ್ವೆಯ ಷೆಲ್ ಕ್ಲೆಪ್ಪೆ ಮತ್ತು ಜೊತೆಗಾರರು 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಡಿಎನ್‌ಎಯ ಎರಡೆಳೆ ಬಿಡಿಸಿ, ಎರಡು ತುದಿಗೆ ಎರಡು ಪ್ರೈಮರ್ (ನಕಲು ಶುರುವಾಗಲು ಬೇಕಾದ ಚಿಕ್ಕ ಡಿಎನ್‌ಎ ತುಂಡು) ಅಂಟಿಸಿ, ಪಾಲಿಮರೇಸ್ ಹಾಕಿದರೆ ನಕಲು ಆಗುತ್ತದೆ, ಇದನ್ನು ಮತ್ತೆ ಮತ್ತೆ ಮಾಡಬಹುದು ಎಂಬ ಯೋಚನೆ ಅದರಲ್ಲಿತ್ತು. ಆದರೆ ಆಗ ಪ್ರೈಮರ್ ಮಾಡುವುದೇ ತಿಂಗಳುಗಟ್ಟಲೆ ಕೆಲಸ. ಯಾವ ಅಕ್ಷರ ಕೂರಿಸಬೇಕು ಎಂದು ತಿಳಿಯಲು ಡಿಎನ್‌ಎ ಓದಲು ಬರುತ್ತಿರಲಿಲ್ಲ. ಬಿಸಿ ಮಾಡಿದಾಗಲೆಲ್ಲ ಕಿಣ್ವ ಹಾಳಾಗುತ್ತಿತ್ತು. ಯೋಚನೆ ಅಲ್ಲಿಗೇ ನಿಂತಿತು.

1983ರಲ್ಲಿ ಕ್ಯಾರಿ ಮುಲ್ಲಿಸ್ ತಾವಾಗಿಯೇ ಅದನ್ನು ಯೋಚಿಸಿದರು, ಅವರ ಕಂಪನಿ ಸೀಟಸ್‌ನಲ್ಲಿ ಅದು ಕೆಲಸ ಮಾಡುವ ವಿಧಾನವಾಯಿತು. ಪೇಟೆಂಟ್ ಜಗಳ ಕೋರ್ಟಿಗೆ ಹೋದಾಗ ಎದುರು ಕಡೆಯವರು ಕ್ಲೆಪ್ಪೆ ಪ್ರಬಂಧವನ್ನೇ ಮುಂದಿಟ್ಟರು. 1991ರಲ್ಲಿ ಜ್ಯೂರಿ ಸೀಟಸ್ ಪರ ಹೇಳಿತು. ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಹಾಗಾಗಿ 'ಖೊರಾನಾ ಅವರ ಪಿಸಿಆರ್ ಕದ್ದರು' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನೊಬೆಲ್ ಬಂದ ಮೇಲೆ ವಿಶ್ರಾಂತಿ ತಗೊಂಡ್ರಾ?

ಅದಕ್ಕೆ ಬದಲು ಕ್ಷೇತ್ರವನ್ನೇ ಬದಲಾಯಿಸಿದರು. ಜೀನ್ ಕಟ್ಟುವ ಕೆಲಸ ಒಂದು ಹಂತಕ್ಕೆ ಬಂದಾಗ, ಐವತ್ತು ದಾಟಿದ ವಯಸ್ಸಿನಲ್ಲಿ, ಜೀವಕೋಶದ ಪೊರೆಯಲ್ಲಿ ಕೂರುವ ಪ್ರೋಟೀನ್‌ಗಳ ಕಡೆ ತಿರುಗಿದರು. ಉಪ್ಪುನೀರಿನಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯಲ್ಲಿ ನೇರಳೆ ಬಣ್ಣದ ಬ್ಯಾಕ್ಟೀರಿಯೋರೊಡಾಪ್ಸಿನ್ ಇದೆ. ಬೆಳಕು ಬಿದ್ದರೆ ಅದು ಪ್ರೋಟಾನ್‌ಗಳನ್ನು ಹೊರಗೆ ತಳ್ಳುತ್ತದೆ. ಅದರ 248 ಅಮೈನೋ ಆಮ್ಲಗಳ ಕ್ರಮವನ್ನು ಅವರ ತಂಡ 1979ರಲ್ಲಿ ಪ್ರಕಟಿಸಿತು. ಅದೇ ಹೊತ್ತಿಗೆ ಸೋವಿಯತ್ ತಂಡವೊಂದೂ ಅದನ್ನು ಮಾಡಿತ್ತು.

ಆಮೇಲೆ ನಮ್ಮ ಕಣ್ಣಿನಲ್ಲೂ ಇರುವ ರೊಡಾಪ್ಸಿನ್. ಮಬ್ಬು ಬೆಳಕಿನಲ್ಲಿ ನಮಗೆ ಕಾಣುವುದು ಇದರಿಂದ. ಹಸುವಿನ ರೊಡಾಪ್ಸಿನ್‌ಗೆ ಸಾವಿರಕ್ಕೂ ಹೆಚ್ಚು ಅಕ್ಷರಗಳ ಜೀನನ್ನು 1986ರಲ್ಲಿ ಕಟ್ಟಿದರು. ಕೈಯಿಂದ ಕಟ್ಟಿದ ಜೀನಿನಲ್ಲಿ ಒಂದು ಅಕ್ಷರ ಬದಲಿಸಿ, ಕೋಶದಲ್ಲಿ ಪ್ರೋಟೀನ್ ಮಾಡಿಸಿ, ಏನು ಕೆಡುತ್ತದೆ ನೋಡಬಹುದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶಪಾರಂಪರ್ಯ ಕುರುಡಿನಲ್ಲಿ ರೊಡಾಪ್ಸಿನ್ ಹೇಗೆ ತಪ್ಪಾಗಿ ಮಡಚಿಕೊಳ್ಳುತ್ತದೆ ಎಂದು ಅವರು ಹುಡುಕಿದ್ದು ಹೀಗೇ.

ಅವರ ಕೈಕೆಳಗೆ ಕಲಿತವರಲ್ಲಿ ದೊಡ್ಡ ಹೆಸರು ಮಾಡಿದವರು ಯಾರು?

ತುಂಬಾ ಜನ. ಇಬ್ಬರನ್ನು ಹೇಳುತ್ತೇನೆ. ಮೈಕೆಲ್ ಸ್ಮಿತ್ ವ್ಯಾಂಕೂವರ್‌ಗೆ ಬಂದು ಸೇರಿದವರು, ಮ್ಯಾಡಿಸನ್‌ಗೂ ಜೊತೆಯಲ್ಲೇ ಹೋದರು. ಜೀನಿನ ಬೇಕಾದ ಜಾಗದಲ್ಲಿ ಬೇಕಾದ ಬದಲಾವಣೆ ಮಾಡುವ ವಿಧಾನಕ್ಕೆ 1993ರಲ್ಲಿ ರಸಾಯನ ನೊಬೆಲ್ ಪಡೆದರು. ಅದೇ ವರ್ಷ, ಅದೇ ಬಹುಮಾನದ ಇನ್ನೊಂದು ಪಾಲು ಮುಲ್ಲಿಸ್‌ಗೆ ಹೋಯಿತು.

ಇನ್ನೊಬ್ಬರು ಮಾರ್ವಿನ್ ಕ್ಯಾರುಥರ್ಸ್. ಖೊರಾನಾ ಬಳಿ ಜೀನ್ ಕಟ್ಟಲು ದುಡಿದವರು. 1980ರ ದಶಕದ ಶುರುವಿನಲ್ಲಿ ಫಾಸ್ಫೊರಮಿಡೈಟ್ ಎಂಬ ಹೊಸ ರಸಾಯನದಿಂದ ಡಿಎನ್‌ಎ ಮಾಡುವುದನ್ನು ಯಂತ್ರದ ಕೆಲಸ ಮಾಡಿದರು. ಖೊರಾನಾ ತಂಡಕ್ಕೆ ತಿಂಗಳು ಹಿಡಿಯುತ್ತಿದ್ದ ತುಂಡು ಈಗ ಕೆಲವೇ ಗಂಟೆಯ ಮಾತು.

ಖೊರಾನಾ ಅವರ ವಿಧಾನಗಳನ್ನ ಈಗ ಯಾರಾದ್ರೂ ಬಳಸ್ತಾರಾ, ಎಲ್ಲಾ ಹಳೇದಾಯ್ತಾ?

ಅಕ್ಷರ ಬೆಸೆಯುವ ಅವರ ಮೂಲ ವಿಧಾನ ಹಳೆಯದಾಯಿತು, ಈಗ ಯಾರೂ ಬಳಸುವುದಿಲ್ಲ. ಆದರೆ ಆ ಕೆಲಸದ ಅರ್ಧ ಕಷ್ಟ ಬೆಸೆಯುವುದಕ್ಕಿಂತ ಮುಚ್ಚುವುದರಲ್ಲಿತ್ತು. ಒಂದು ನ್ಯೂಕ್ಲಿಯೊಟೈಡ್‌ಗೆ ಬೆಸುಗೆ ಹಿಡಿಯುವ ಜಾಗ ಹಲವು. ಬೇಡದ ಜಾಗಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕು, ಕೆಲಸ ಆದ ಮೇಲೆ ಉಳಿದದ್ದು ಕೆಡದ ಹಾಗೆ ಬಿಚ್ಚಬೇಕು. ಖೊರಾನಾ ಪ್ರಯೋಗಾಲಯ ಇದಕ್ಕೆ ಸರಿಯಾದ ಮುಚ್ಚಳಗಳನ್ನು ಹುಡುಕಿತು. ಎ ಮತ್ತು ಸಿ ಅಕ್ಷರಗಳಿಗೆ ಬೆನ್ಜಾಯಿಲ್, ಜಿ ಅಕ್ಷರಕ್ಕೆ ಐಸೊಬ್ಯುಟಿರಿಲ್, ಸಕ್ಕರೆಯ ತುದಿಗೆ ಡೈಮಿಥಾಕ್ಸಿಟ್ರಿಟಿಲ್.

ಈ ಕೊನೆಯದಕ್ಕೆ ಪ್ರಯೋಗಾಲಯದವರು ಡಿಎಂಟಿ ಅನ್ನುತ್ತಾರೆ. ಪಿಸಿಆರ್ ಪ್ರೈಮರ್ ಆಗಲಿ, ಕೋವಿಡ್ ಪರೀಕ್ಷೆಯ ಪ್ರೈಮರ್ ಆಗಲಿ, ಅದನ್ನು ಮಾಡುವ ಯಂತ್ರಗಳು ಇವತ್ತಿಗೂ ಇದೇ ಮುಚ್ಚಳವನ್ನು ಬಳಸುತ್ತವೆ. ಪ್ರತಿ ಅಕ್ಷರ ಸೇರಿಸುವ ಮೊದಲು ಸ್ವಲ್ಪ ಆಮ್ಲ ಹರಿಸಿ ಅದನ್ನು ಬಿಚ್ಚುತ್ತಾರೆ. ಬಿಚ್ಚಿದಾಗ ದ್ರವ ಗಾಢ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಎಷ್ಟು ಗಾಢ ಎಂದು ಅಳೆದು, ಹಿಂದಿನ ಅಕ್ಷರ ಸರಿಯಾಗಿ ಸೇರಿತೇ ಎಂದು ತಿಳಿಯುತ್ತಾರೆ. ನಿಮ್ಮ ಕಾಲೇಜಿನಲ್ಲಿ ಡಿಎನ್‌ಎ ಸಿಂಥಸೈಸರ್ ಇದ್ದರೆ ಒಮ್ಮೆ ಅದರ ನಳಿಕೆಯ ಪಕ್ಕ ನಿಂತು ನೋಡಿ, ಆ ಕಿತ್ತಳೆ ಬಣ್ಣ ಹರಿದುಹೋಗುವುದು ಕಾಣುತ್ತದೆ.